ಆಡಿನ ಮರಿಗೂ ಹಾಜರಿ ಪುಸ್ತಕಕ್ಕೂ ನಡುವೆ

ಕಳೆದ ಆಗಸ್ಟ್ ತಿಂಗಳ ಆರಂಭದ ಒಂದು ಸಂಜೆ ನಮ್ಮ ಸಂಘದ ಸದಸ್ಯೆಯೊಬ್ಬರು ನಮಗೆ ಫೋನ್ ಮಾಡಿದರು. ಅವರ ಮಗಳು ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಮೂರು ವರ್ಷಗಳಿಂದ ಫೋರ್-ಎಚ್ ಕ್ಲಬ್ಬಿನ ಸದಸ್ಯೆ. ಊರಾಚೆಯ ಪರಿಚಿತ ರೈತರೊಬ್ಬರ ಕೊಟ್ಟಿಗೆಯಲ್ಲಿ ಹಾಲಿನ ತಳಿಯ ಆಡೊಂದನ್ನು ಸಾಕಿಕೊಂಡಿದ್ದಾಳೆ. (ಮಾಂಸದ ತಳಿಯನ್ನು ಸಾಕಿದರೆ ಮೇಳದ ಕೊನೆಯಲ್ಲಿ ಹರಾಜಿಗೆ ಬಿಡಬೇಕಾಗುತ್ತದೆಂದು ತಿಳಿದು, ಮನೆಯವರೆಲ್ಲ ಕುಳಿತು ಚರ್ಚಿಸಿ ಹಾಲಿನ ತಳಿಯನ್ನೇ ಆರಿಸಿಕೊಂಡರಂತೆ.) ಜುಲೈ ತಿಂಗಳ ಕೌಂಟಿ ಮೇಳದಲ್ಲಿ ಪಾಲ್ಗೊಂಡ ಬಳಿಕ ಇಂಡಿಯಾನಾ ರಾಜ್ಯ ಮೇಳಕ್ಕೆ ಹೋಗುವ ಆಸೆ ಹುಟ್ಟಿತು. ಹೋದದ್ದೂ ಆಯಿತು. ಆದರೆ ಅಷ್ಟರಲ್ಲಿ ಶಾಲೆ ಆರಂಭವಾಗಿತ್ತು. ಎರಡು ದಿನ ತಪ್ಪಿದ ಕೂಡಲೇ, ಮಗಳದ್ದು ಕಾರಣವಿಲ್ಲದ ಗೈರುಹಾಜರಿ ಎಂದು ಶಾಲೆಯಿಂದ ಯಂತ್ರದ ಧ್ವನಿಯ ಕರೆ ಬಂದಿತು.

"ಡಾಕ್ಟರೇ, ಜ್ವರ ಇತ್ತು ಅಂತ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಎರಡೇ ದಿನದ ಮಾತು," ಎಂದರು ಆ ತಾಯಿ.

ಬರೆದುಕೊಡಲಾಗದು ಎಂದೆವು. ಆದರೆ ಫೋನ್ ಇಟ್ಟ ಮೇಲೆ ಆ ಮಾತು ನಮ್ಮನ್ನು ಬಹಳ ಹೊತ್ತು ಕಾಡಿತು. ಏಕೆಂದರೆ ಆ ಜ್ವರ ನಮಗೆ ಹೊಸದಲ್ಲ. ನಾವು ಓದಿದ ಮಲೆನಾಡಿನ ಸರ್ಕಾರಿ ಶಾಲೆಯಲ್ಲಿ ನಾಟಿಯ ಕಾಲ ಬಂತೆಂದರೆ ತರಗತಿಯ ಕಾಲುಭಾಗಕ್ಕೆ ಒಟ್ಟಿಗೇ ಜ್ವರ ಬರುತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ಇನ್ನೊಂದು ಸಲ. ರಜಾ ಅರ್ಜಿಯಲ್ಲಿ "ನನಗೆ ತೀವ್ರ ಜ್ವರ ಬಂದಿರುವುದರಿಂದ" ಎಂಬ ವಾಕ್ಯವನ್ನು ಮೇಷ್ಟರೇ ಕಲಿಸಿದ್ದರು. ಗದ್ದೆಯ ಕೆಲಸ ಎಂದು ಬರೆಯಲು ಯಾರೂ ಕಲಿಸಿರಲಿಲ್ಲ. ಗದ್ದೆಯಲ್ಲಿದ್ದ ಹುಡುಗನ ಕೈಕಾಲುಗಳ ಕೆಸರು ಮೇಷ್ಟರಿಗೂ ಕಾಣುತ್ತಿತ್ತು, ಅರ್ಜಿಯ ಜ್ವರವೂ ಕಾಣುತ್ತಿತ್ತು. ಎರಡನ್ನೂ ನೋಡಿ ಅವರು ಸುಮ್ಮನೆ ಸಹಿ ಹಾಕುತ್ತಿದ್ದರು.

ಹೊಲಕ್ಕೂ ಶಾಲೆಗೂ ನಡುವಿನ ಈ ಹಳೆಯ ಜಗಳವನ್ನು ಅಮೆರಿಕ ಹೇಗೆ ಬಗೆಹರಿಸಿಕೊಂಡಿತು, ಅಥವಾ ಬಗೆಹರಿಸಿಕೊಂಡಿತೇ ಎಂಬ ಕುತೂಹಲದಿಂದ ಆ ವಾರವೆಲ್ಲ ಓದಿದೆವು. ನಮ್ಮ ಕುಟುಂಬಗಳ ಮಕ್ಕಳು ಹೆಚ್ಚು ಹೆಚ್ಚಾಗಿ ಈ ಕ್ಲಬ್ಬುಗಳಿಗೆ ಸೇರುತ್ತಿರುವುದರಿಂದ, ಓದಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡಬೇಕು. ಬೇಸಿಗೆ ರಜೆ ಹುಟ್ಟಿದ್ದೇ ಮಕ್ಕಳು ಹೊಲದಲ್ಲಿ ದುಡಿಯಲೆಂದು ಎಂದು ಇಲ್ಲಿನ ಬಹಳ ಮಂದಿ ಹೇಳುತ್ತಾರೆ, ನಾವೂ ನಂಬಿದ್ದೆವು. ಆದರೆ ಬೇಸಾಯದ ಲೆಕ್ಕವೇ ಇದಕ್ಕೆ ಒಪ್ಪುವುದಿಲ್ಲ. ಬಿತ್ತನೆ ವಸಂತದಲ್ಲಿ, ಕೊಯ್ಲು ಶರತ್ಕಾಲದಲ್ಲಿ. ಕೈಗಳು ಬೇಕಾಗುವುದು ಆಗ. ನಡುಬೇಸಿಗೆಯಲ್ಲಿ ಅಷ್ಟಾಗಿ ಅಲ್ಲ. ಹತ್ತೊಂಬತ್ತನೆಯ ಶತಮಾನದ ಹಳ್ಳಿಶಾಲೆಗಳು ಚಳಿಗಾಲದಲ್ಲಿ ಒಂದು ಅವಧಿ, ಬೇಸಿಗೆಯಲ್ಲಿ ಒಂದು ಅವಧಿ ನಡೆದು, ಬಿತ್ತನೆಗೂ ಕೊಯ್ಲಿಗೂ ಮುಚ್ಚುತ್ತಿದ್ದವು. ಉದ್ದನೆಯ ಬೇಸಿಗೆ ರಜೆ ನಗರಗಳ ಕೊಡುಗೆ. ಹಳೆಯ ಪದ್ಧತಿಯ ಕುರುಹು ಇಂದಿಗೂ ಪೂರ್ತಿ ಅಳಿದಿಲ್ಲ: ಮೇನ್ ರಾಜ್ಯದ ಉತ್ತರ ತುದಿಯ ಅರೂಸ್ಟುಕ್ ಕೌಂಟಿಯಲ್ಲಿ ಕೆಲವು ಶಾಲೆಗಳು ಆಗಸ್ಟ್‌ನಲ್ಲಿಯೇ ಆರಂಭವಾಗಿ, ಆಲೂಗಡ್ಡೆ ಅಗೆಯುವ ಕಾಲಕ್ಕೆ ಕೆಲವು ವಾರ ರಜೆ ಕೊಡುತ್ತವೆ. ಅಲ್ಲಿ ಯಾರಿಗೂ ಚೀಟಿ ಬೇಕಿಲ್ಲ, ಶಾಲೆಯೇ ಗೈರುಹಾಜರಾಗುತ್ತದೆ.

ಚೀಟಿಯ ಅಗತ್ಯ ಬಿದ್ದದ್ದು ಕಡ್ಡಾಯ ಶಿಕ್ಷಣದ ಕಾನೂನುಗಳು ಬಂದ ಮೇಲೆ. ಮೊದಲನೆಯದು 1852ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ್ದು. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳು ವರ್ಷಕ್ಕೆ 12 ವಾರ ಶಾಲೆಗೆ ಬರಬೇಕು, ಅದರಲ್ಲಿ 6 ವಾರ ಎಡೆಬಿಡದೆ ಬರಬೇಕು ಎಂದಷ್ಟೇ ಅದು ಕೇಳಿತು. (ಇಂಡಿಯಾನಾದ ಮೊದಲ ರಾಜ್ಯ ಮೇಳ ನಡೆದದ್ದೂ ಅದೇ 1852ರಲ್ಲಿ. ಕಾಕತಾಳೀಯವೇ ಸರಿ, ಆದರೂ ನಮಗೆ ನಗು ಬಂತು.) ನಮ್ಮ ಇಂಡಿಯಾನಾಕ್ಕೆ ಇಂಥ ಕಾನೂನು ಬಂದದ್ದು 1897ರಲ್ಲಿ, ಎಲ್ಲರಿಗಿಂತ ಕೊನೆಗೆ ಮಿಸಿಸಿಪ್ಪಿಗೆ, 1918ರಲ್ಲಿ. ಹತ್ತಿ ಬೆಳೆಯುವ ನಾಡು ಎಲ್ಲಕ್ಕಿಂತ ಹಿಂದುಳಿದದ್ದು ಆಕಸ್ಮಿಕವಲ್ಲ. ಹತ್ತಿ ಬಿಡಿಸಲು ಚಿಕ್ಕ ಬೆರಳುಗಳು ಬೇಕಾಗಿದ್ದವು.

ಕೃಷಿ ಕ್ಲಬ್ಬುಗಳು ಹುಟ್ಟಿದ್ದು ಇದೇ ಹೊತ್ತಿನಲ್ಲಿ, ಮತ್ತು ಅವು ಹುಟ್ಟಿದ್ದು ಶಾಲೆಯ ಒಳಗಿನಿಂದಲೇ. 1902ರ ಜನವರಿಯಲ್ಲಿ ನೆರೆಯ ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ. ಬಿ. ಗ್ರಹಾಂ ಎಂಬವರು ಹುಡುಗ ಹುಡುಗಿಯರನ್ನು ಕೋರ್ಟು ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿಸಿದರು. ಮಕ್ಕಳು ಜೋಳ ಬಿತ್ತಿದರು, ತರಕಾರಿ ಬೆಳೆದರು, ಲಿಟ್ಮಸ್ ಕಾಗದದಿಂದ ಹೊಲದ ಮಣ್ಣನ್ನು ಪರೀಕ್ಷಿಸಿದರು. ಗ್ರಹಾಂ ಆ ಭಾಗದ ಶಾಲೆಗಳ ಮೇಲ್ವಿಚಾರಕರಾಗಿದ್ದರು. ಅಯೋವಾದ ಪೇಜ್ ಕೌಂಟಿಯಲ್ಲಿ ಇಂಥದ್ದೇ ಕೆಲಸ ಮಾಡಿದ ಜೆಸ್ಸಿ ಫೀಲ್ಡ್ ಹಳ್ಳಿಶಾಲೆಯ ಶಿಕ್ಷಕಿಯಾಗಿದ್ದು ಮುಂದೆ ಕೌಂಟಿಯ ಶಾಲಾ ಮೇಲ್ವಿಚಾರಕಿಯಾದರು. 1907ರಲ್ಲಿ ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯಲ್ಲಿ ಹುಡುಗರ ಜೋಳದ ಕ್ಲಬ್ ಕಟ್ಟಿದ ಡಬ್ಲ್ಯು. ಎಚ್. ಸ್ಮಿತ್ ಕೂಡ ಶಾಲಾ ಅಧಿಕಾರಿಯೇ. ಜನ ಅವರನ್ನು "ಕಾರ್ನ್ ಕ್ಲಬ್ ಸ್ಮಿತ್" ಎಂದೇ ಕರೆಯುತ್ತಿದ್ದರು. ಹೊಲವನ್ನು ಶಾಲೆಗೆ ತಂದವರು ಮೇಷ್ಟರುಗಳೇ ಆಗಿದ್ದುದರಿಂದ ಹಾಜರಿಯ ತಕರಾರು ಏಳುವ ಸಂದರ್ಭವೇ ಇರಲಿಲ್ಲ.

ಅವರ ಹೂಟವನ್ನೂ ಸ್ವಲ್ಪ ಹೇಳಬೇಕು. ಆಗಿನ ರೈತರು ವಿಶ್ವವಿದ್ಯಾಲಯದ ಮಾತನ್ನು ಸುಲಭವಾಗಿ ಕೇಳುತ್ತಿರಲಿಲ್ಲ. ಪುಸ್ತಕದ ಬೇಸಾಯ ಎಂದು ಹೀಗಳೆಯುತ್ತಿದ್ದರು. ಮಗನಿಗೆ ಒಂದು ಎಕರೆ ಬಿಟ್ಟುಕೊಡಿ, ಅವನು ಹೊಸ ರೀತಿಯಲ್ಲಿ ಬೆಳೆಯಲಿ, ಬೇಲಿಯ ಈಚೆಗೆ ನೀವು ನಿಮ್ಮ ರೀತಿಯಲ್ಲಿ ಬೆಳೆಯಿರಿ ಎಂಬುದು ಉಪಾಯ. ದಕ್ಷಿಣ ಕೆರೊಲಿನಾದ ಜೆರ್ರಿ ಮೂರ್ ಎಂಬ ಹುಡುಗ 1910ರಲ್ಲಿ ಒಂದೇ ಎಕರೆಯಲ್ಲಿ 228 ಬುಷೆಲ್‌ಗೂ ಮಿಕ್ಕು ಜೋಳ ಬೆಳೆದು ದೇಶಕ್ಕೆಲ್ಲ ಹೆಸರಾದ. ಅವನ ನಾಡಿನ ಹೊಲಗಳಲ್ಲಿ ಆಗ ಸಾಮಾನ್ಯವಾಗಿ ಸಿಗುತ್ತಿದ್ದುದು ಅದರ ಹತ್ತನೆಯ ಒಂದು ಪಾಲಿನಷ್ಟು. ಅದೇ ವರ್ಷ, ಅದೇ ರಾಜ್ಯದ ಏಕನ್ ಕೌಂಟಿಯಲ್ಲಿ ಮೇರಿ ಕ್ರೋಮರ್ ಎಂಬ ಶಿಕ್ಷಕಿ ಹುಡುಗಿಯರಿಗಾಗಿ ಟೊಮೆಟೊ ಕ್ಲಬ್ ಕಟ್ಟಿದರು. ಬೆಳೆದದ್ದನ್ನು ಡಬ್ಬಿಗೆ ತುಂಬಿ ಮಾರಿ, ಆ ಹೆಣ್ಣುಮಕ್ಕಳು ಸ್ವಂತ ಹಣ ಕಂಡರು. ಕಪ್ಪು ಜನರ ಮಕ್ಕಳಿಗೆ ಕ್ಲಬ್ಬುಗಳು ಬೇರೆಯೇ ಇದ್ದವು. ಅಲಬಾಮಾದ ಟಸ್ಕೆಗೀಯಿಂದ ಬಂಡಿಯಲ್ಲಿ ಬೀಜ, ನೇಗಿಲು, ತೋರಿಕೆಯ ಸಾಮಾನುಗಳನ್ನು ಹೇರಿಕೊಂಡು ಹಳ್ಳಿಗಳನ್ನು ಸುತ್ತಿದ ಥಾಮಸ್ ಕ್ಯಾಂಪ್‌ಬೆಲ್ 1906ರಲ್ಲಿ ನೇಮಕಗೊಂಡ ಮೊದಲ ಕಪ್ಪು ಕೃಷಿ ಪ್ರಚಾರಕರು.

ಕ್ಲಬ್ಬಿನ ಲಾಂಛನ ನಾಲ್ಕು ಎಸಳಿನ ಹಸಿರು ಕ್ಲೋವರ್ ಎಲೆ. ತಲೆ, ಹೃದಯ, ಕೈ, ಆರೋಗ್ಯ: ಇಂಗ್ಲಿಷಿನಲ್ಲಿ ನಾಲ್ಕೂ ಎಚ್ ಅಕ್ಷರದಿಂದ ಆರಂಭವಾಗುವ ಮಾತುಗಳು. ಮೊದಲು ಮೂರೇ ಎಸಳುಗಳಿದ್ದವು. ನಾಲ್ಕನೆಯದಕ್ಕೆ ಚುರುಕಾಗಿ ದುಡಿಯುವುದು ಎಂಬರ್ಥದ ಹಸಲ್ ಎಂಬ ಮಾತನ್ನು ಆರಂಭದಲ್ಲಿ ಸೂಚಿಸಿದ್ದರಂತೆ; ಬಳಿಕ ಅದು ಹೆಲ್ತ್ ಆಯಿತು. ವೈದ್ಯರಾದ ನಮಗೆ ಇದು ಸಮಾಧಾನ ತಂದಿತೆಂದು ಬೇರೆ ಹೇಳಬೇಕಿಲ್ಲ.

ಇತಿಹಾಸದ ತಿರುವು 1914ರಲ್ಲಿದೆ. ಆ ವರ್ಷದ ಸ್ಮಿತ್-ಲೀವರ್ ಕಾಯಿದೆ ಈ ಕ್ಲಬ್ಬುಗಳನ್ನು ಶಾಲೆಯಿಂದ ಎತ್ತಿ ರಾಜ್ಯಗಳ ಲ್ಯಾಂಡ್-ಗ್ರಾಂಟ್ ವಿಶ್ವವಿದ್ಯಾಲಯಗಳ ಕೃಷಿ ವಿಸ್ತರಣಾ ವಿಭಾಗದ ಮಡಿಲಿಗೆ ಹಾಕಿತು. ಒಕ್ಕೂಟ ಸರ್ಕಾರ ಒಂದು ಪಾಲು ಹಣ ಕೊಡುವುದು, ರಾಜ್ಯ ಮತ್ತು ಕೌಂಟಿಗಳು ಉಳಿದ ಪಾಲು ಹಾಕುವುದು. ಪ್ರತಿ ಕೌಂಟಿಗೂ ಒಬ್ಬ ಪ್ರಚಾರಕ. ನಮ್ಮಲ್ಲಿ ಈ ಕೆಲಸ ಪರ್ಡ್ಯೂ ವಿಶ್ವವಿದ್ಯಾಲಯದ್ದು. ಮೂರು ವರ್ಷಗಳ ನಂತರ, 1917ರಲ್ಲಿ, ಸ್ಮಿತ್-ಹ್ಯೂಸ್ ಕಾಯಿದೆ ಹೈಸ್ಕೂಲುಗಳ ಒಳಗೇ ಕೃಷಿ ಶಿಕ್ಷಣಕ್ಕೆ ಹಣ ಕೊಟ್ಟಿತು. ಆ ತರಗತಿಗಳ ಹುಡುಗರು 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಸೇರಿ ಎಫ್.ಎಫ್.ಎ. ಸ್ಥಾಪಿಸಿದರು, ಬಂದಿದ್ದವರು 18 ರಾಜ್ಯಗಳ 33 ಹುಡುಗರು. ಹುಡುಗಿಯರಿಗೆ ಅಲ್ಲಿ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1969ರಲ್ಲಿ. ಇಂದು ಅದರ ರಾಷ್ಟ್ರೀಯ ಸಮಾವೇಶ ನಡೆಯುವುದು ನಮ್ಮ ಇಂಡಿಯಾನಾಪೊಲಿಸ್‌ನಲ್ಲಿ. ಅಕ್ಟೋಬರ್ ಕೊನೆಗೆ ಪೇಟೆಯ ಬೀದಿಗಳಲ್ಲೆಲ್ಲ ನೀಲಿ ಕಾರ್ಡರಾಯ್ ಜಾಕೆಟ್ ತೊಟ್ಟ ಸಾವಿರಾರು ಮಕ್ಕಳು ನಡೆದಾಡುವುದನ್ನು ನಮ್ಮ ಸದಸ್ಯರೆಲ್ಲರೂ ಕಂಡಿರಬೇಕು.

ಇಲ್ಲಿಗೆ ಗಂಟಿನ ಮೂಲ ಸಿಕ್ಕಿತು. ಆ ನೀಲಿ ಜಾಕೆಟ್ಟಿನ ಮಗು ವಾರದ ನಡುವೆ ಇಂಡಿಯಾನಾಪೊಲಿಸ್‌ಗೆ ಬಂದಿರುವುದು ತನ್ನ ಶಾಲೆಯ ಕೃಷಿ ಶಿಕ್ಷಕರ ಜೊತೆಯಲ್ಲಿ. ಅದು ಪಾಠದ ಭಾಗ, ಶಾಲೆಯ ಪ್ರವಾಸ. ಆಡಿನ ಹಗ್ಗ ಹಿಡಿದ ಫೋರ್-ಎಚ್ ಮಗುವಿನ ಜೊತೆಗಿರುವುದು ವಿಶ್ವವಿದ್ಯಾಲಯದ ಕೌಂಟಿ ಪ್ರಚಾರಕ, ಅಥವಾ ನೆರೆಯ ಸ್ವಯಂಸೇವಕಿ, ಅಥವಾ ತಾಯಿ. ಇಬ್ಬರು ಮಕ್ಕಳೂ ಕಲಿಯುತ್ತಿರುವುದು ಹೆಚ್ಚುಕಡಿಮೆ ಒಂದನ್ನೇ. ಮೇಳದಲ್ಲಿ ಪಕ್ಕಪಕ್ಕದ ದೊಡ್ಡಿಯಲ್ಲಿ ನಿಂತಿರುತ್ತಾರೆ. ಒಬ್ಬರ ಕ್ಲಬ್ ಶಾಲೆಯ ಬೇಲಿಯೊಳಗೆ ಉಳಿಯಿತು, ಇನ್ನೊಬ್ಬರದು 1914ರಲ್ಲಿ ಹೊರಗೆ ಹೋಯಿತು. ನಮ್ಮ ಸದಸ್ಯೆಯ ಮನೆಗೆ ಬಂದ ಆ ಯಂತ್ರದ ಕರೆಯ ಹಿಂದೆ ನೂರು ವರ್ಷಕ್ಕೂ ಹಳೆಯದಾದ ಈ ವಿಭಾಗವಿದೆ.

ಇದಕ್ಕೆ ಬೇರೆ ಬೇರೆ ರಾಜ್ಯಗಳು ಕಂಡುಕೊಂಡ ದಾರಿಗಳು ಓದಲು ಸೊಗಸಾಗಿವೆ. ದಕ್ಷಿಣದ ನೆರೆ ರಾಜ್ಯ ಕೆಂಟಕಿ ನೇರವಾಗಿ ಕಾನೂನಿನಲ್ಲೇ ಬರೆದಿದೆ: ವಿಧಿವತ್ತಾಗಿ ಕಟ್ಟಿದ ಫೋರ್-ಎಚ್ ಕ್ಲಬ್ಬಿನ ಸದಸ್ಯ ವಿದ್ಯಾರ್ಥಿ, ಕೌಂಟಿ ಪ್ರಚಾರಕರ ಅಥವಾ ಗೊತ್ತುಪಡಿಸಿದ ಕ್ಲಬ್ ನಾಯಕರ ಮೇಲ್ವಿಚಾರಣೆಯಲ್ಲಿ ಕ್ಲಬ್ಬಿನ ಶೈಕ್ಷಣಿಕ ಚಟುವಟಿಕೆಯಲ್ಲಿದ್ದರೆ, ಎಲ್ಲ ಉದ್ದೇಶಗಳಿಗೂ ಅವನು ಶಾಲೆಯಲ್ಲಿ ಹಾಜರಿದ್ದಂತೆಯೇ. ಗೈರುಹಾಜರಿಯನ್ನು ಮನ್ನಿಸುವುದಲ್ಲ; ಹಾಜರಿಯನ್ನೇ ಕೊಡುವುದು. ಕೆಂಟಕಿಯ ಮಕ್ಕಳಿಗೆ ರಾಜ್ಯ ಮೇಳ ನೋಡಲೆಂದೇ ಒಂದು ದಿನದ ರಜೆಯೂ ಉಂಟು. ಪೆನ್ಸಿಲ್ವೇನಿಯಾದ ಶಾಲಾ ಮಂಡಳಿಗಳು ತಂದೆತಾಯಿ ಮುಂಚಿತವಾಗಿ ಬರೆದು ಕೇಳಿದರೆ ಫೋರ್-ಎಚ್ ಮತ್ತು ಎಫ್.ಎಫ್.ಎ. ಕೆಲಸಗಳಿಗೆ ಮಗುವನ್ನು ಬಿಡಬಹುದು. ಅವರ ದೊಡ್ಡ ಫಾರ್ಮ್ ಶೋ ನಡೆಯುವುದು ಜನವರಿಯಲ್ಲಿ, ಶಾಲೆಯ ನಟ್ಟನಡುವೆ. ಟೆಕ್ಸಸ್‌ನ ಉಪಾಯ ವಕೀಲರು ಮೆಚ್ಚುವಂಥದ್ದು. ಅಲ್ಲಿ ಶಾಲಾ ಮಂಡಳಿಗಳು ಠರಾವು ಮಾಡಿ ಫೋರ್-ಎಚ್ ಅನ್ನು ಪಠ್ಯೇತರ ಚಟುವಟಿಕೆಯೆಂದು ಒಪ್ಪಿ, ಕೌಂಟಿ ಪ್ರಚಾರಕರನ್ನು ತಮ್ಮ ಪೂರಕ ಸಿಬ್ಬಂದಿಯೆಂದು ಘೋಷಿಸುತ್ತವೆ. ಶಾಲೆಯ ಹೊರಗಿನವನು ಕಾಗದದ ಮೇಲೆ ಶಾಲೆಯವನಾಗುತ್ತಾನೆ; ಅವನ ಜೊತೆಗಿರುವ ಮಗುವಿನ ತೊಡಕು ಕಳೆಯಿತು.

ಟೆಕ್ಸಸ್‌ಗೆ ಇಷ್ಟು ಎಚ್ಚರಿಕೆ ಬಂದದ್ದರ ಹಿಂದೆ ಒಂದು ಕೋಳಿಯ ಕಥೆಯಿದೆ. ಫೋರ್ಟ್ ವರ್ತ್, ಸ್ಯಾನ್ ಅಂಟೋನಿಯೊ, ಹ್ಯೂಸ್ಟನ್ ಊರುಗಳ ದೊಡ್ಡ ಪಶು ಮೇಳಗಳು ಜನವರಿಯಿಂದ ಮಾರ್ಚಿಯವರೆಗೆ ಒಂದರ ಹಿಂದೆ ಒಂದು ಬರುತ್ತವೆ. 1983ರಲ್ಲಿ ಗವರ್ನರ್ ಮಾರ್ಕ್ ವೈಟ್ ಶಾಲೆಗಳ ಸ್ಥಿತಿಯನ್ನು ಪರಿಶೀಲಿಸಲು ಉದ್ಯಮಿ ರಾಸ್ ಪೆರೊ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಪೆರೊ ಊರೂರಿಗೆ ಹೋಗಿ ಹೇಳಿದ್ದು ಒಬ್ಬ ಹುಡುಗನ ವಿಷಯ: ಅವನು ತನ್ನ ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಮೇಳದಿಂದ ಮೇಳಕ್ಕೆ ಅಲೆಯುತ್ತ ಶಾಲೆಗೆ ಚಕ್ಕರ್ ಹೊಡೆದಿದ್ದ. ನಗೆಯಾಡಿದ ಜನ ಪೆರೊ ಮಾತನ್ನು ಮರೆಯಲಿಲ್ಲ. 1984ರಲ್ಲಿ ಬಂದ ಕಾಯಿದೆ ಯಾವುದೇ ವಿಷಯದಲ್ಲಿ 70ಕ್ಕಿಂತ ಕಡಮೆ ಅಂಕ ಬಂದವರನ್ನು ಆರು ವಾರ ಪಠ್ಯೇತರ ಚಟುವಟಿಕೆಗಳಿಂದ ಹೊರಗಿಟ್ಟಿತು. "ನೋ ಪಾಸ್, ನೋ ಪ್ಲೇ" ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಫುಟ್ಬಾಲ್ ಪ್ರಿಯರು ರೊಚ್ಚಿಗೆದ್ದರು. ಪೋಷಕರು ಕೋರ್ಟಿಗೆ ಹೋದರು; 1985ರಲ್ಲಿ ಟೆಕ್ಸಸ್‌ನ ಸರ್ವೋಚ್ಚ ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಹತ್ತು ವರ್ಷದ ಬಳಿಕ ಆರು ವಾರ ಮೂರಾಯಿತು. ನಮ್ಮ ಮನೆಗಳಲ್ಲಿ ಪೆರೊ ಪಕ್ಷಕ್ಕೇ ಹೆಚ್ಚು ಮತ ಬಿದ್ದೀತು. ಆದರೂ ಆ ಹುಡುಗನ ಕೋಳಿ ಬಹುಮಾನ ಗೆದ್ದಿತೋ ಇಲ್ಲವೋ ಎಂಬ ಪ್ರಶ್ನೆ ನಮಗೆ ಉಳಿದೇ ಇದೆ.

ಇಷ್ಟರವರೆಗಿನ ಕಥೆ ಮೇಳದ ಮಕ್ಕಳದು. ಇದೇ ಕಾಲದಲ್ಲಿ ಬೇರೆ ಮಕ್ಕಳೂ ಹೊಲದಲ್ಲಿದ್ದರು, ಅವರ ಗೈರುಹಾಜರಿಯ ಕಥೆ ಬೇರೆ. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ 1915ರಲ್ಲಿ ಕೊಲರಾಡೊದ ಸಕ್ಕರೆ ಬೀಟ್ ಹೊಲಗಳಿಗೆ ಹೋಗಿ, ಕೊಕ್ಕೆ ಮೊನೆಯ ದೊಡ್ಡ ಕತ್ತಿ ಹಿಡಿದು ಗೆಡ್ಡೆಯ ತಲೆ ಕಡಿಯುವ ಪುಟ್ಟ ಮಕ್ಕಳ ಚಿತ್ರ ತೆಗೆದರು. ಶಾಲೆಗಳಲ್ಲಿ ಖಾಲಿ ಬೆಂಚುಗಳಿದ್ದವು. 1938ರಲ್ಲಿ ದೇಶದ ಕಾರ್ಮಿಕ ಕಾಯಿದೆ ಕಾರ್ಖಾನೆಗಳಿಂದ ಮಕ್ಕಳನ್ನು ಬಿಡಿಸಿತು. ಹೊಲದ ಮಕ್ಕಳಿಗೆ ವಿನಾಯಿತಿ ಎಂಬ ಹೆಸರಿನ ಅನಾಥತನ ಸಿಕ್ಕಿತು. ಶಾಲೆಯ ಹೊತ್ತಿನಲ್ಲಿ ಕೂಲಿಗೆ ಅವರನ್ನು ಹೊಲದಲ್ಲಿ ದುಡಿಸಬಾರದೆಂಬ ಸ್ಪಷ್ಟ ಮಾತು ಆ ಕಾಯಿದೆಗೆ ಸೇರಿದ್ದು 1949ರ ತಿದ್ದುಪಡಿಯಲ್ಲಿ. ಮಿಸಿಸಿಪ್ಪಿಯ ಹತ್ತಿ ಸೀಮೆಯಲ್ಲಿ ಕಪ್ಪು ಮಕ್ಕಳ ಶಾಲೆಗಳನ್ನು ಕಡುಬೇಸಿಗೆಯಲ್ಲಿ ನಡೆಸಿ, ಹತ್ತಿ ಬಿಡಿಸುವ ಕಾಲಕ್ಕೆ ಮುಚ್ಚುವ ಪದ್ಧತಿ ಆ ಮೇಲೂ ಮುಂದುವರಿಯಿತು. ಬಿಳಿಯರ ಶಾಲೆಗಳು ಆಗ ನಡೆಯುತ್ತಲೇ ಇರುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಗಂಡಾಳುಗಳು ಸೈನ್ಯಕ್ಕೆ ಹೋದಾಗ ಸರ್ಕಾರವೇ ವಿಕ್ಟರಿ ಫಾರ್ಮ್ ವಾಲಂಟಿಯರ್ಸ್ ಎಂಬ ಹೆಸರಿನಲ್ಲಿ ಪೇಟೆಯ ಮಕ್ಕಳನ್ನೂ ಕೊಯ್ಲಿಗೆ ಕರೆಯಿತು. ಆಗ ಅದೇ ಹೊಲ, ಅದೇ ದುಡಿಮೆ ದೇಶಸೇವೆಯಾಯಿತು.

ಇದನ್ನೆಲ್ಲ ಓದಿದ ಮೇಲೆ ಶಾಲಾ ಕಚೇರಿಗಳ ಬಿಗುವನ್ನು ನಾವು ಹಿಂದಿನಷ್ಟು ಸುಲಭವಾಗಿ ದೂರಲಾರೆವು. ಹಾಜರಿಯ ನಿಯಮವನ್ನು ಗಟ್ಟಿ ಮಾಡಿದವರು ಆಡು ಸಾಕುವ ಹುಡುಗಿಯನ್ನು ತಡೆಯಲು ಮಾಡಿದವರಲ್ಲ. ಬೀಟ್ ಕತ್ತರಿಸುವ ಹುಡುಗಿಯನ್ನು ಬಿಡಿಸಲು ಮಾಡಿದವರು. ಎಲ್ಲಿ ಬಾಗಿಲು ತೆರೆದರೂ ಒಂದು ಕಾಲದಲ್ಲಿ ಅದರಿಂದ ಜಮೀನ್ದಾರನೇ ಮೊದಲು ಒಳಗೆ ಬರುತ್ತಿದ್ದ.

1972ರಲ್ಲಿ ಈ ಪ್ರಶ್ನೆ ದೇಶದ ಸುಪ್ರೀಂ ಕೋರ್ಟಿನ ಎದುರಿಗೂ ಬಂದಿತು. ವಿಸ್ಕಾನ್ಸಿನ್‌ನ ನ್ಯೂ ಗ್ಲಾರಸ್ ಊರಿನ ಆಮಿಷ್ ತಂದೆಯರು ಎಂಟನೆಯ ತರಗತಿಯ ನಂತರ ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. ತಲಾ ಐದು ಡಾಲರ್ ದಂಡ ಬಿತ್ತು. ಧರ್ಮಸ್ವಾತಂತ್ರ್ಯದ ಆಧಾರದ ಮೇಲೆ ಕೋರ್ಟು ತಂದೆಯರ ಪರವಾಗಿ ನಿಂತಿತು. ಹೊಲದಲ್ಲಿ ಕೆಲಸ ಮಾಡುತ್ತ ಕಲಿಯುವುದೂ ಒಂದು ಶಿಕ್ಷಣವೆಂದು ಒಪ್ಪಿತು. ನ್ಯಾಯಮೂರ್ತಿ ಡಗ್ಲಸ್ ಮಾತ್ರ, ತಂದೆಯರ ಮಾತು ಕೇಳಿದ್ದಾಯಿತು, ಮಕ್ಕಳ ಇಷ್ಟವೇನೆಂದು ಕೇಳಿದಿರಾ ಎಂದು ಭಿನ್ನ ದನಿ ಎತ್ತಿದರು. ಮಕ್ಕಳ ವೈದ್ಯಕೀಯ ತಪಾಸಣೆಯ ಹೊತ್ತಿಗೆ ತಂದೆತಾಯಿಯರೇ ಎಲ್ಲ ಉತ್ತರ ಹೇಳುವುದನ್ನು ದಿನವೂ ಕಾಣುವ ನಮಗೆ ಡಗ್ಲಸ್ ಪ್ರಶ್ನೆ ಬಹಳ ಹಿಡಿಸಿತು.

ಈಚಿನ ಕಾಲದಲ್ಲಿ ತಕರಾರು ಹೆಚ್ಚಾಗಲು ಎರಡು ಕಾರಣಗಳು ಕಾಣುತ್ತವೆ. ಸೆಪ್ಟೆಂಬರಿನಲ್ಲಿ ತೆರೆಯುತ್ತಿದ್ದ ಶಾಲೆಗಳು ಬರಬರುತ್ತ ಆಗಸ್ಟ್ ಮೊದಲ ವಾರಕ್ಕೆ ಬಂದು ಮೇಳದ ಮೇಲೆ ಕುಳಿತವು. ಇನ್ನೊಂದು, 2015ರ ಒಕ್ಕೂಟ ಶಿಕ್ಷಣ ಕಾಯಿದೆಯ ಬಳಿಕ ಬಹುಪಾಲು ರಾಜ್ಯಗಳು ದೀರ್ಘಕಾಲದ ಗೈರುಹಾಜರಿಯನ್ನು ಶಾಲೆಯ ಗುಣಮಟ್ಟದ ಅಳತೆಯಾಗಿ ಆರಿಸಿಕೊಂಡವು. ವರ್ಷದ ದಿನಗಳಲ್ಲಿ ಶೇಕಡಾ 10ರಷ್ಟು ತಪ್ಪಿದರೆ ಮಗು ಆ ಪಟ್ಟಿಗೆ ಸೇರುತ್ತದೆ. ಸಾಮಾನ್ಯವಾಗಿ ಮನ್ನಿಸಿದ ದಿನಗಳೂ ಆ ಲೆಕ್ಕದಲ್ಲಿವೆ. ಕೋವಿಡ್‌ಗೆ ಮೊದಲು ದೇಶದಲ್ಲಿ ಸುಮಾರು ಶೇಕಡಾ 15 ಮಕ್ಕಳು ಆ ಪಟ್ಟಿಯಲ್ಲಿದ್ದರು, 2021-22ರ ಹೊತ್ತಿಗೆ ಸುಮಾರು 28. ಮುಖ್ಯೋಪಾಧ್ಯಾಯರಿಗೆ ಚೀಟಿ ಕೊಟ್ಟರೂ ಅವರ ಶಾಲೆಯ ಅಂಕ ಉಳಿಯುವುದಿಲ್ಲ. ಹಾಜರಿದ್ದಂತೆಯೇ ಎಂಬ ಕೆಂಟಕಿಯ ಮಾತಿನ ಬೆಲೆ ಆಗ ತಿಳಿಯುತ್ತದೆ.

ವೈದ್ಯರಾಗಿ ಒಂದು ಮಾತನ್ನು ನಡುವೆ ಸೇರಿಸಬೇಕು. 2012ರ ಬೇಸಿಗೆಯಲ್ಲಿ ಕೌಂಟಿ ಮೇಳಗಳ ಹಂದಿಗಳಿಂದ ಜನರಿಗೆ ಒಂದು ಬಗೆಯ ಫ್ಲೂ ಹರಡಿತು. ದೇಶದಲ್ಲಿ 300ಕ್ಕೂ ಮಿಕ್ಕು ಪ್ರಕರಣಗಳು, ಹೆಚ್ಚಿನವು ನಮ್ಮ ಇಂಡಿಯಾನಾ ಮತ್ತು ಒಹಾಯೋ ರಾಜ್ಯಗಳಲ್ಲಿ, ಬಹುಪಾಲು ಮಕ್ಕಳು. ಮೇಳದಿಂದ ಬಂದ ಮಗುವಿಗೆ ವಾರದೊಳಗೆ ಜ್ವರ ಬಂದರೆ, ಪ್ರಾಣಿಗಳ ಬಳಿ ಇದ್ದುದನ್ನು ವೈದ್ಯರಿಗೆ ಮೊದಲು ಹೇಳಿರಿ. ಮೇಳಕ್ಕೆಂದು ಬರೆಸಿಕೊಂಡ ಸುಳ್ಳು ಜ್ವರದ ಚೀಟಿ ಕಡತದಲ್ಲಿದ್ದರೆ ನಿಜವಾದ ಜ್ವರ ಬಂದಾಗ ನಮಗೆ ದಿಕ್ಕು ತಪ್ಪುತ್ತದೆ. ಆ ತಾಯಿಗೆ ನಾವು ಒಲ್ಲೆವೆಂದದ್ದಕ್ಕೆ ಇದೂ ಒಂದು ಕಾರಣ.

ನಮ್ಮ ಕನ್ನಡನಾಡಿಗೂ ಈ ಕಥೆಯ ಒಂದು ಎಳೆ ತಾಕುತ್ತದೆ. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡದ್ದು ಇದೇ ಲ್ಯಾಂಡ್-ಗ್ರಾಂಟ್ ಮಾದರಿಯಲ್ಲಿ. ಆರಂಭದ ವರ್ಷಗಳಲ್ಲಿ ಟೆನೆಸಿ ವಿಶ್ವವಿದ್ಯಾಲಯದ ನೆರವು ಅದಕ್ಕೆ ಇತ್ತು. ಪಾಠ, ಸಂಶೋಧನೆ, ವಿಸ್ತರಣೆ ಎಂಬ ಮೂರೂ ಬಂದವು. ಜಿ.ಕೆ.ವಿ.ಕೆ.ಯ ಕೃಷಿ ಮೇಳಕ್ಕೆ ಶಾಲಾ ಮಕ್ಕಳು ಮೇಷ್ಟರ ಹಿಂದೆ ಸಾಲಾಗಿ ಬರುವುದನ್ನು ನಾವು ನೋಡಿದ್ದೇವೆ. ಅವರು ಬಂದದ್ದು ನೋಡಲು. ತಾನೇ ಸಾಕಿದ ಕರುವನ್ನು ಹಿಡಿದು ತೀರ್ಪುಗಾರರ ಎದುರು ನಿಂತು, ಅದಕ್ಕೆ ಏನು ಮೇವು ಹಾಕಿದೆ, ಎಷ್ಟು ಖರ್ಚಾಯಿತು ಎಂದು ಲೆಕ್ಕದ ಪುಸ್ತಕ ತೆರೆದು ತೋರಿಸುವ ಹುಡುಗ ಹುಡುಗಿಯರನ್ನು ನಾವು ಕಂಡದ್ದು ಇಲ್ಲಿಗೆ ಬಂದ ಮೇಲೆ. ನಮ್ಮ ಊರಿನ ನಾಟಿಯ ಹುಡುಗರಿಗೆ ಆ ಲೆಕ್ಕವೆಲ್ಲ ಬಾಯಲ್ಲೇ ಇತ್ತು, ಕೇಳಿದವರಿರಲಿಲ್ಲ.

ಇನ್ನು ಆಡಿನ ವಿಷಯ. ಹುಡುಕುತ್ತ ಹೋದಾಗ ಉತ್ತರ ನಮ್ಮ ರಾಜ್ಯದ ಕಾನೂನಿನಲ್ಲೇ ಸಿಕ್ಕಿತು. ವಿದ್ಯಾರ್ಥಿ ಅಥವಾ ಅವರ ಮನೆಯವರೊಬ್ಬರು ಶೈಕ್ಷಣಿಕ ಉದ್ದೇಶಕ್ಕಾಗಿ ಇಂಡಿಯಾನಾ ರಾಜ್ಯ ಮೇಳದಲ್ಲಿ ಪ್ರದರ್ಶಿಸುತ್ತಿದ್ದರೆ ಅಥವಾ ಪಾಲ್ಗೊಳ್ಳುತ್ತಿದ್ದರೆ, ವರ್ಷಕ್ಕೆ 5 ಬೋಧನಾ ದಿನಗಳವರೆಗೆ ಶಾಲೆ ಮನ್ನಿಸಬೇಕು. ವಿದ್ಯಾರ್ಥಿಯ ಓದು ಸರಿಯಾಗಿದೆಯೆಂದು ಶಾಲೆ ಒಪ್ಪಿರಬೇಕು, ಅಷ್ಟೇ. ಮನೆಯವರೊಬ್ಬರು ಎಂಬ ಮಾತನ್ನು ಗಮನಿಸಿ: ಅಕ್ಕನ ಆಡಿಗೆ ನೀರು ಹಿಡಿಯುವ ತಮ್ಮನಿಗೂ ಅದು ಸಲ್ಲುತ್ತದೆ. ರಾಜ್ಯ ಮೇಳದ ಮಾತು ಇದು. ಕೌಂಟಿ ಮೇಳ ಶಾಲೆಯ ದಿನಗಳಲ್ಲಿ ಬಿದ್ದರೆ ಮುಂಚಿತವಾಗಿ ಮುಖ್ಯೋಪಾಧ್ಯಾಯರೊಡನೆ ಮಾತನಾಡುವುದು ಒಳ್ಳೆಯದು. ಬೇರೆ ರಾಜ್ಯಗಳಲ್ಲಿರುವ ಓದುಗರು ತಮ್ಮ ಕೌಂಟಿಯ ವಿಸ್ತರಣಾ ಕಚೇರಿಯನ್ನು ಕೇಳಿದರೆ ಅಲ್ಲಿನ ನಿಯಮ ಅವರಿಗೆ ಗೊತ್ತಿರುತ್ತದೆ.

ಮರುದಿನ ಆ ತಾಯಿ ಕಾನೂನಿನ ಪುಟವನ್ನು ಮುದ್ರಿಸಿಕೊಂಡು, ನಡೆದದ್ದನ್ನು ನಡೆದಂತೆಯೇ ಬರೆದ ಪತ್ರವನ್ನು ಅದಕ್ಕೆ ಸೇರಿಸಿ ಶಾಲೆಗೆ ಹೋದರು. ಕಚೇರಿಯವರಿಗೂ ಆ ನಿಯಮ ತಿಳಿದಿರಲಿಲ್ಲವಂತೆ. ಓದಿ, ಮೇಲಿನವರನ್ನು ಕೇಳಿ, ಎರಡೂ ದಿನಗಳನ್ನು ತಿದ್ದಿದರು. ಹುಡುಗಿ ನಮಗೊಂದು ಚಿತ್ರ ಕಳುಹಿಸಿದಳು: ಬಿಳಿಯ ಅಂಗಿ, ಕೂದಲಲ್ಲಿ ಒಂದೆರಡು ಹುಲ್ಲುಕಡ್ಡಿ, ಪಕ್ಕದಲ್ಲಿ ಅವಳಿಗಿಂತ ಗಂಭೀರವಾದ ಮುಖದ ಆಡು.

ನವೆಂಬರಿನಲ್ಲಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ಆ ತಾಯಿ ಮತ್ತೆ ಸಿಕ್ಕರು. ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದರು. ಅತ್ತೆಯವರಿಗೆ ಮೈ ಸರಿಯಿರಲಿಲ್ಲ, ಮೊಮ್ಮಗಳನ್ನು ನೋಡಬೇಕೆಂದು ಹಂಬಲಿಸುತ್ತಿದ್ದರಂತೆ. ವಿಮಾನದ ದಿನಾಂಕ ಶಾಲೆಯ ರಜೆಗಿಂತ ನಾಲ್ಕು ದಿನ ಮೊದಲು.

"ಆಡಿಗೆ ಕಾನೂನಿದೆ ಅಂದಿರಿ ಡಾಕ್ಟರೇ. ಅಜ್ಜಿಗೆ ಏನಾದರೂ ಇದೆಯಾ?"

ನಮಗೆ ತಿಳಿದ ಮಟ್ಟಿಗೆ ಇಲ್ಲ ಎಂದೆವು. ಅವರು ಈ ಸಲವೂ ಪತ್ರ ಬರೆದರು, ಅಜ್ಜಿಯನ್ನು ನೋಡಲು ಹೋಗುತ್ತಿದ್ದೇವೆ ಎಂದೇ. ನಾಲ್ಕು ದಿನವೂ ಕಾರಣವಿಲ್ಲದ ಗೈರುಹಾಜರಿ ಎಂದು ದಾಖಲಾಯಿತು. ಅವರು ಹೋಗಿ ಬಂದರು.